ಏಪ್ರಿಲ್–ಮೇನಲ್ಲಿ ಕುದುರೆಮುಖ ಹತ್ತಬಹುದಾ?

ಬೇಸಿಗೆ ರಜೆ ಹತ್ತಿರ ಬಂದರೆ ಸಾಕು, ಈ ಪ್ರಶ್ನೆ ಶುರು. ಅರಣ್ಯ ಇಲಾಖೆ ಒಳಗೆ ಬಿಟ್ಟರೆ ಹತ್ತಬಹುದು. ಆದರೆ ಮಳೆ ಮುಗಿದ ಅಕ್ಟೋಬರಿನ ಲೆಕ್ಕಾಚಾರ ಇಟ್ಟುಕೊಂಡು ಹೋದರೆ ಅರ್ಧ ದಾರಿಯಲ್ಲೇ ಸುಸ್ತು.

ಒಳಗೆ ಬಿಡುವ ಮಾತು ಮೊದಲು. ಗುಡ್ಡದ ಹುಲ್ಲು ಒಣಗಿ ಕಾಳ್ಗಿಚ್ಚಿನ ಭಯ ಹೆಚ್ಚಿದಾಗ ಇಲಾಖೆ ಚಾರಣ ನಿಲ್ಲಿಸುತ್ತದೆ. ಹಾಗಾಗಿ ಬಸ್ಸಿನ ಟಿಕೆಟ್ ತೆಗೆಯುವ ಮುಂಚೆ ಇಲಾಖೆಯ ಅನುಮತಿ ತೆಗೆದುಕೊಳ್ಳಿ. ಬೀಡಿ, ಬೆಂಕಿಪೊಟ್ಟಣ ಊರಲ್ಲೇ ಇರಲಿ.

ಕಳಸದ ಹತ್ತಿರದ ಸಂಸೆ ಕಡೆಯಿಂದ ಜೀಪಿನಲ್ಲಿ ಮುಳ್ಳೋಡಿ, ಅಲ್ಲಿಂದ ನಡಿಗೆ. 1,894 ಮೀಟರ್ ಎತ್ತರದ ತುದಿ ಮುಟ್ಟಿ ಬರಲು ಸುಮಾರು 20 ಕಿ.ಮೀ. ದೂರದಿಂದ ನೋಡಿದವರಿಗೆ ಇದೆಲ್ಲ ದಟ್ಟ ಕಾಡು. ಆದರೆ ಮಣ್ಣು ಆಳವಾಗಿ, ತೇವ ನಿಲ್ಲುವ ಕಣಿವೆಯ ಮಡಿಕೆಗಳಲ್ಲಷ್ಟೇ ಶೋಲಾ ಎನ್ನುವ ನಿತ್ಯಹಸಿರು ಕಾಡು. ಗಾಳಿಗೆ ಒಡ್ಡಿಕೊಂಡ ಏಣುಗಳ (ಗುಡ್ಡದ ಬೆನ್ನುಗಳ) ಮೇಲೆ ಬರೀ ಹುಲ್ಲು. ಕಾಲುದಾರಿ ಬಹುಪಾಲು ಈ ಹುಲ್ಲಿನ ಮೇಲೆಯೇ. ಬೇಸಿಗೆಯಲ್ಲಿ ಜನರನ್ನು ಸೋಲಿಸುವುದು ಏರಿಗಿಂತ ಹೆಚ್ಚಾಗಿ ಈ ನೆರಳಿಲ್ಲದ ಹುಲ್ಲುಗಾವಲು. ತಂಪು ಗಾಳಿ ಬೀಸುತ್ತಿರುವುದರಿಂದ ಬೆವರು ಅಲ್ಲಲ್ಲೇ ಆರಿ, ಮೈಯಿಂದ ಎಷ್ಟು ನೀರು ಹೋಯಿತು ಎಂಬುದೇ ತಿಳಿಯುವುದಿಲ್ಲ.

ಆದ್ದರಿಂದ ತಲೆಗೆ 3 ಲೀಟರ್ ನೀರು. "ದಾರಿಯಲ್ಲಿ ಹಳ್ಳ ಇದೆಯಲ್ಲ" ಎನ್ನುವವರು ಮಳೆಗಾಲ ಮುಗಿದ ಮೇಲೆ ಹೋದವರು. ಏಪ್ರಿಲ್‌ನಲ್ಲಿ ಹಳ್ಳ ನಂಬಿ ಹೊರಡಬೇಡಿ. ಹರಿವು ಸಿಕ್ಕರೂ ಅದು ಕಾಟಿ (ಕಾಡುಕೋಣ), ಕಡವೆ ಇಳಿಯುವ ನೀರು. ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆ ಬಿಟ್ಟು ಕುಡಿಯಿರಿ. ಬರೀ ನೀರನ್ನೇ ಗಟಗಟ ಕುಡಿಯುತ್ತಿದ್ದರೆ ರಕ್ತದಲ್ಲಿ ಉಪ್ಪಿನಂಶ ಇಳಿದು ತಲೆನೋವು, ವಾಕರಿಕೆ ಬರುತ್ತದೆ. ಒಂದು ಲೀಟರಿಗೆ 6 ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕರಗಿಸಿದ ಬಾಟಲಿ ಒಂದಿರಲಿ. ಬುತ್ತಿಗೆ ಚಪಾತಿ, ಚಟ್ನಿಪುಡಿ ವಾಸಿ. ಹಸಿ ತೆಂಗಿನಕಾಯಿ ಚಟ್ನಿ ಮಧ್ಯಾಹ್ನದ ಹೊತ್ತಿಗೆ ಹಳಸಿರುತ್ತದೆ.

ಬೆಳಿಗ್ಗೆ ಅರಣ್ಯ ಇಲಾಖೆಯವರು ಗೇಟು ತೆಗೆದ ಕೂಡಲೇ ಹೊರಡಿ. 12 ಗಂಟೆಗೆ ಎಲ್ಲಿದ್ದೀರೋ ಅಲ್ಲಿಂದಲೇ ವಾಪಸ್, ತುದಿ ಕಣ್ಣೆದುರಿಗಿದ್ದರೂ ಅಷ್ಟೇ. (ಜಗಳ ಆಗುವುದೇ ಈ ಮಾತಿಗೆ!) ಏಪ್ರಿಲ್, ಮೇನಲ್ಲಿ ಮಧ್ಯಾಹ್ನದ ಮೇಲೆ ಮೋಡ ಕಟ್ಟಿ ಗುಡುಗು ಮಳೆ ಬರುವುದು ಸಾಮಾನ್ಯ. ಬೋಳು ಏಣಿನ ಮೇಲೆ ಸುತ್ತಮುತ್ತ ಎಲ್ಲಕ್ಕಿಂತ ಎತ್ತರ ನೀವೇ. ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡಿಗಿಂತ ಕಡಿಮೆ ಇದ್ದರೆ ಸಿಡಿಲು 10 ಕಿ.ಮೀ. ಒಳಗಿದೆ ಎಂದರ್ಥ, ಏಣು ಬಿಟ್ಟು ತಗ್ಗಿಗೆ ಇಳಿಯಿರಿ. ಒಂಟಿ ಮರದ ಕೆಳಗಂತೂ ನಿಲ್ಲಲೇಬೇಡಿ.

ಜಾರಿ ಬೀಳುವುದು ಇಳಿಯುವಾಗಲೇ ಹೆಚ್ಚು. ಒಣಹುಲ್ಲು, ಅದರಡಿ ಸಣ್ಣ ಜಲ್ಲಿ: ಎಣ್ಣೆ ಸವರಿದಂತೆ. ಹೆಜ್ಜೆ ಚಿಕ್ಕದಿರಲಿ, ಹಿಂದಿನ ದಿನವೇ ಕಾಲುಗುರು ಕತ್ತರಿಸಿಕೊಳ್ಳಿ, ಹೊಸ ಬೂಟು ಬೇಡ.

ಇಂಬಳದ (ಜಿಗಣೆಯ) ಬಗ್ಗೆ ಎಲ್ಲರೂ ಕೇಳುತ್ತಾರೆ, ಒಣಬೇಸಿಗೆಯಲ್ಲಿ ಅದರ ಕಾಟ ಕಡಿಮೆ. ಯಾರೂ ಕೇಳದ್ದು ಉಣ್ಣಿಯ ಬಗ್ಗೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನ ಕಾಡಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡುವುದು ಉಣ್ಣಿಯಿಂದ, ಅದೂ ಮಲೆನಾಡಿನ ಒಣ ತಿಂಗಳುಗಳಲ್ಲೇ ಹೆಚ್ಚು. ತುಂಬುತೋಳಿನ ಅಂಗಿ ಹಾಕಿ, ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿ. ಶೋಲಾದ ತರಗೆಲೆ ಮೇಲೆ ಮಲಗಬೇಡಿ. ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗದೆ ಅರಣ್ಯ ಸಿಬ್ಬಂದಿಗೆ ತಿಳಿಸಿ. ಮನೆಗೆ ಬಂದ ಕೂಡಲೇ ಬಿಸಿನೀರು, ಸೋಪಿನ ಸ್ನಾನ. ಕಂಕುಳು, ಮೊಣಕಾಲಿನ ಹಿಂಬದಿ ನೋಡಿಕೊಳ್ಳಿ. ವಾರದೊಳಗೆ ಜ್ವರ, ಮೈಕೈ ನೋವು ಬಂದರೆ ಡಾಕ್ಟರಿಗೆ ಮೊದಲು ಹೇಳಬೇಕಾದ ಮಾತು: "ಮಲೆನಾಡಿನ ಕಾಡಿಗೆ ಹೋಗಿದ್ದೆ."