ಜಾಕ್ಸನ್ ಹೈಟ್ಸ್‌ನ ಹಳೆಯ ಕಟ್ಟಡದಲ್ಲೊಂದು ಸ್ಟುಡಿಯೊ

ಎರಡನೆಯ ಮಹಾಯುದ್ಧಕ್ಕೆ ಮೊದಲು ಕಟ್ಟಿದ ಮನೆ ಎಂಬುದನ್ನು ನ್ಯೂಯಾರ್ಕ್‌ನ ದಲ್ಲಾಳಿಗಳು ಜಾಹೀರಾತಿನ ಮೊದಲ ಸಾಲಿನಲ್ಲೇ ಹಾಕುತ್ತಾರೆ. ದಪ್ಪ ಗಾರೆಯ ಗೋಡೆ, ಎತ್ತರದ ಸೂರು, ಓಕ್ ಮರದ ನೆಲ, ಬಚ್ಚಲಿನಲ್ಲಿ ಆರು ಮೂಲೆಯ ಪುಟ್ಟ ಬಿಳಿ ಟೈಲ್ಸು: ಕ್ವೀನ್ಸ್‌ನ ಜಾಕ್ಸನ್ ಹೈಟ್ಸ್‌ನಲ್ಲಿ ನಾನು ಬಾಡಿಗೆಗಿರುವ ಸ್ಟುಡಿಯೊದಲ್ಲಿ, ಅಂದರೆ ಒಂದೇ ಕೋಣೆಯ ಮನೆಯಲ್ಲಿ, ಇವೆಲ್ಲವೂ ಇವೆ, ಇವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೂ ಇಂಥ ಮನೆ ಹುಡುಕುತ್ತಿರುವ ನಮ್ಮವರಿಗೆ ಒತ್ತಿ ಹೇಳಬೇಕೆನಿಸುವುದು ಇನ್ನೊಂದು ವಿಷಯ: ಕಟ್ಟಡದ ವಯಸ್ಸೇ ಇಲ್ಲಿ ಬಾಡಿಗೆದಾರನಿಗೆ ದೊಡ್ಡ ಆಸರೆಯಾಗಬಲ್ಲದು.

1909ರಲ್ಲಿ ಕ್ವೀನ್ಸ್‌ಬರೊ ಸೇತುವೆ ತೆರೆದು, 1917ರಲ್ಲಿ ಮೇಲ್ಸೇತುವೆಯ ರೈಲು ಬಂದ ಮೇಲೆ, ಕ್ವೀನ್ಸ್‌ಬರೊ ಕಾರ್ಪೊರೇಷನ್ ಎಂಬ ಕಂಪನಿ ಹೊಲಗದ್ದೆಗಳಿದ್ದ ಈ ಜಾಗದಲ್ಲಿ ಬಡಾವಣೆ ಎಬ್ಬಿಸಿತು. ಬೀದಿಯ ಅಂಚಿಗೆ ಕಟ್ಟಡಗಳನ್ನು ನಿಲ್ಲಿಸಿ ನಡುವಿನ ಜಾಗವನ್ನೆಲ್ಲ ತೋಟಕ್ಕೆ ಬಿಟ್ಟದ್ದು ಅದರ ವಿಶೇಷ. 1920ರ ದಶಕದಲ್ಲಿ ಎದ್ದ ಶಾಟೊ, ಟವರ್ಸ್ ಕಟ್ಟಡಗಳ ಒಳತೋಟಗಳು ಇಂದಿಗೂ ಉಳಿದಿವೆ. ಅದೇ ಕಂಪನಿ ಯಹೂದಿಗಳನ್ನೂ ಕಪ್ಪು ಜನರನ್ನೂ ಇಲ್ಲಿಗೆ ಸೇರಿಸುತ್ತಿರಲಿಲ್ಲ ಎಂಬುದನ್ನು ಈ ಚೆಲುವಿನ ಜೊತೆಗೇ ನೆನಪಿಡಬೇಕು. 1965ರ ವಲಸೆ ಕಾಯ್ದೆಯ ನಂತರ ಬಂದವರು ಬಡಾವಣೆಯ ಚಹರೆಯನ್ನೇ ಬದಲಿಸಿದರು. 74ನೇ ಬೀದಿಯಲ್ಲಿ ಕರಿಬೇವೂ ತೊಗರಿಬೇಳೆಯೂ ಸಿಗುವಂತಾದದ್ದು ಅವರಿಂದ. 1993ರಲ್ಲಿ ನಗರವು ಬಡಾವಣೆಯ ದೊಡ್ಡದೊಂದು ಭಾಗವನ್ನು ಐತಿಹಾಸಿಕ ಪ್ರದೇಶವೆಂದು ಘೋಷಿಸಿದ್ದರಿಂದ, ಅಲ್ಲಿ ಮಾಲೀಕರು ಬೀದಿಯ ಕಡೆಯ ಕಿಟಕಿ ಬದಲಿಸಬೇಕಾದರೂ ಸ್ಮಾರಕ ಸಂರಕ್ಷಣಾ ಆಯೋಗದ ಅನುಮತಿ ಪಡೆಯಬೇಕು.

ಹಳೆಯ ಮನೆಯಲ್ಲಿ ಮೊದಲು ಕಲಿಯಬೇಕಾದದ್ದು ಚಳಿಗಾಲದಲ್ಲಿ ಮನೆಯನ್ನು ಬೆಚ್ಚಗಿಡುವ ಉಗಿಯ ರೀತಿ. ನೆಲಮಾಳಿಗೆಯ ಬಾಯ್ಲರಿನಿಂದ ಉಗಿ ಒಂದೇ ಕೊಳವೆಯಲ್ಲಿ ಮೇಲೇರಿ, ಕೋಣೆಯನ್ನು ಕಾಯಿಸುವ ಕಬ್ಬಿಣದ ರೇಡಿಯೇಟರನ್ನು ತುಂಬುತ್ತದೆ, ಅಲ್ಲಿ ತಣಿದು ನೀರಾಗಿ ಅದೇ ಕೊಳವೆಯಲ್ಲಿ ಕೆಳಗಿಳಿಯುತ್ತದೆ. ರೇಡಿಯೇಟರ್ ತನ್ನ ಕವಾಟದ ಕಡೆಗೆ ತುಸು ಇಳಿಜಾರಾಗಿ ನಿಂತಿರದಿದ್ದರೆ ನೀರು ಒಳಗೇ ಉಳಿದು, ಉಗಿ ಅದಕ್ಕೆ ಅಪ್ಪಳಿಸಿದಾಗ ನಡುರಾತ್ರಿಯಲ್ಲಿ ಸುತ್ತಿಗೆಯಿಂದ ಬಡಿದಂಥ ಸದ್ದೇಳುತ್ತದೆ. ಆಚೆ ತುದಿಯ ಕಾಲುಗಳ ಕೆಳಗೆ ತೆಳ್ಳನೆಯ ಮರದ ಚೂರಿಟ್ಟರೆ ಅನೇಕ ಸಲ ಅದು ನಿಲ್ಲುತ್ತದೆ. ಕವಾಟವನ್ನು ಪೂರ್ತಿ ತೆರೆದಿಡಬೇಕು, ಇಲ್ಲವೇ ಪೂರ್ತಿ ಮುಚ್ಚಬೇಕು. ಅರ್ಧ ತಿರುಗಿಸಿ ಬಿಟ್ಟರೆ ನೀರು ಹಿಂದಿರುಗಲಾರದು. ಕಾವಿನ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ: ಅಕ್ಟೋಬರ್ 1ರಿಂದ ಮೇ 31ರವರೆಗೆ, ಹಗಲಿನಲ್ಲಿ ಹೊರಗೆ 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕಡಿಮೆಯಿದ್ದರೆ ಮನೆಯೊಳಗೆ ಕನಿಷ್ಠ 68 ಡಿಗ್ರಿ ಇರಬೇಕು, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಕನಿಷ್ಠ 62. ಅಷ್ಟು ಕಾವು ಬಾರದಿದ್ದರೆ ನಗರದ ಸಹಾಯವಾಣಿ 311ಕ್ಕೆ ದೂರು ಕೊಡಬಹುದು.

ಅಡುಗೆಯ ಮೂಲೆಯಲ್ಲಿ ಹೊಗೆ ಹೊರಗೆಳೆಯುವ ಚಿಮಣಿ ಇಲ್ಲ. ಒಣಮೆಣಸಿನಕಾಯಿ ಹಾಕಿ ಒಗ್ಗರಣೆ ಕೊಡುವ ಮುನ್ನ ಕಿಟಕಿ ತೆರೆದಿಡುವುದು ನನಗೆ ರೂಢಿಯಾಗಿದೆ. ಆದ್ದರಿಂದ ನಮ್ಮ ಅಡುಗೆ ಮಾಡುವವರು ಒಲೆಯ ಬಳಿ ಕಿಟಕಿಯಿಲ್ಲದ ಮನೆಯನ್ನು, ಅದು ಎಷ್ಟೇ ಸೊಗಸಾಗಿದ್ದರೂ, ಒಪ್ಪಬಾರದೆಂದು ನನ್ನ ಅಭಿಪ್ರಾಯ.

ಇನ್ನು ಬಾಡಿಗೆ. ಆರು ಅಥವಾ ಹೆಚ್ಚು ಮನೆಗಳಿರುವ, 1974ಕ್ಕೆ ಮೊದಲು ಕಟ್ಟಿದ ಕಟ್ಟಡಗಳ ಬಾಡಿಗೆ ಮನೆಗಳಲ್ಲಿ ಅನೇಕವು ಬಾಡಿಗೆ ಸ್ಥಿರೀಕರಣದ ವ್ಯಾಪ್ತಿಗೆ ಬರುತ್ತವೆ. ಅಂಥ ಮನೆಯಲ್ಲಿ ಬಾಡಿಗೆ ಎಷ್ಟು ಏರಬಹುದೆಂಬುದನ್ನು ಪ್ರತಿವರ್ಷ ನಗರದ ಮಂಡಳಿಯೊಂದು ನಿರ್ಧರಿಸುತ್ತದೆ, ಕರಾರನ್ನು ಒಂದು ಅಥವಾ ಎರಡು ವರ್ಷಕ್ಕೆ ಮುಂದುವರಿಸುವ ಹಕ್ಕು ಬಾಡಿಗೆದಾರನಿಗಿರುತ್ತದೆ. ಎದುರು ಬದುರಿನ ಎರಡು ಕಟ್ಟಡಗಳು ನೋಡಲು ಒಂದೇ ಥರ ಇದ್ದರೂ ಈ ವಿಷಯದಲ್ಲಿ ಬೇರೆಬೇರೆಯಾಗಿರಬಹುದು. ಜಾಕ್ಸನ್ ಹೈಟ್ಸ್‌ನ ತೋಟದ ಕಟ್ಟಡಗಳಲ್ಲಿ ಹಲವು ಇಂದು ನಿವಾಸಿಗಳ ಸಹಕಾರಿ ಒಡೆತನದಲ್ಲಿವೆ. ಅಲ್ಲಿ ಷೇರುದಾರರೊಬ್ಬರಿಂದ ಮನೆ ಹಿಡಿದವರಿಗೆ ಸಾಮಾನ್ಯವಾಗಿ ಈ ರಕ್ಷಣೆ ಸಿಗುವುದಿಲ್ಲ, ಆಡಳಿತ ಮಂಡಳಿಯ ಒಪ್ಪಿಗೆಯೂ ಬೇಕಾಗುತ್ತದೆ. ತೋಟದ ಆಸೆಗೆ ಮನಸೋಲುವ ಮೊದಲು ಇದನ್ನು ಕೇಳಿ ತಿಳಿಯಬೇಕು.

ಬೆಂಗಳೂರಿನಲ್ಲಿ ಹತ್ತು ತಿಂಗಳ ಮುಂಗಡ ಕೊಟ್ಟು ಅಭ್ಯಾಸವಿರುವವರಿಗೆ ಇಲ್ಲಿನ 2019ರ ಕಾಯ್ದೆ ನೆಮ್ಮದಿ ತರುತ್ತದೆ, ಏಕೆಂದರೆ ಒಂದು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೇಳುವಂತಿಲ್ಲ. 2025ರ ಜೂನ್‌ನಿಂದ ದಲ್ಲಾಳಿಯ ಶುಲ್ಕವನ್ನು ಅವನನ್ನು ನೇಮಿಸಿಕೊಂಡವರೇ ಕೊಡಬೇಕು. ಆದರೆ ವಾರ್ಷಿಕ ಆದಾಯವು ತಿಂಗಳ ಬಾಡಿಗೆಯ ನಲವತ್ತು ಪಟ್ಟು ಇರಬೇಕೆಂಬ ಮಾಲೀಕರ ಪದ್ಧತಿ ಹಾಗೆಯೇ ಇದೆ, ಹೊಸದಾಗಿ ಬಂದವರನ್ನು ಅದು ನಿಜಕ್ಕೂ ಕಾಡುತ್ತದೆ.

ಮನೆ ಸೇರಿದ ಮೇಲೆ ರಾಜ್ಯದ ವಸತಿ ಇಲಾಖೆಯಿಂದ ಆ ಮನೆಯ ಬಾಡಿಗೆಯ ಚರಿತ್ರೆಯನ್ನು ತರಿಸಿಕೊಳ್ಳಿ. ಅದಕ್ಕೆ ಹಣ ಕೊಡಬೇಕಾಗಿಲ್ಲ. ನಿಮ್ಮ ಕರಾರಿನ ಮೊತ್ತವನ್ನು ಹಿಂದಿನ ಬಾಡಿಗೆದಾರರಿಂದ ಪಡೆದ ಮೊತ್ತದೊಂದಿಗೆ ಹೋಲಿಸಿ ನೋಡಿ. ಕಾರಣವಿಲ್ಲದ ದೊಡ್ಡ ಏರಿಕೆ ಕಂಡರೆ ಅದೇ ಇಲಾಖೆಗೆ ಅರ್ಜಿ ಕೊಡಬಹುದು.