15 ಗೆರೆಯ ಮೊಟ್ಟೆ

ಮೂರು ಗಂಟೆಗೆ ರಿವ್ಯೂ ಮೀಟಿಂಗ್. ಎರಡೂವರೆಗೆ ಫೋನ್ ಬಂತು: "ಆ ಕೊಟ್ಟಿಗೆಯ ಸ್ಟೀಫೆನ್ಸಿ ಸೊಳ್ಳೆ ಯಾವ ಫಾರ್ಮ್? ಮೀಟಿಂಗ್ ಸ್ಲೈಡ್‌ಗೆ ಹಾಕ್ಬೇಕು." ಮೊಟ್ಟೆಗಳು ಫಿಲ್ಟರ್ ಪೇಪರ್ ಮೇಲೆ ರೆಡಿ ಇದ್ದವು. ಎಣಿಸಿದ್ರೆ ಆಯ್ತಲ್ವಾ ಅಂತ ಒಪ್ಪಿಕೊಂಡೆ.

ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆಯ ಮೂರು ಫಾರ್ಮ್‌ಗಳನ್ನು, ಅಂದರೆ ಒಳಬಗೆಗಳನ್ನು, ರೆಕ್ಕೆ, ಕಾಲು ನೋಡಿ ಹೇಳೋಕಾಗಲ್ಲ. ಮೊಟ್ಟೆಯ ಫ್ಲೋಟ್ (ನೀರಲ್ಲಿ ತೇಲಿಸುವ, ಪಕ್ಕದ ಗಾಳಿಚೀಲ) ಮೇಲಿನ ಗೆರೆಗಳನ್ನೇ ಎಣಿಸಬೇಕು. 1937ರಲ್ಲಿ ಸ್ವೀಟ್ ಮತ್ತು ರಾವ್ ಹಾಕಿಕೊಟ್ಟ ದಾರಿ ಅದು. ಟೈಪ್ ಫಾರ್ಮ್‌ಗೆ 14ರಿಂದ 22, ಇಂಟರ್‌ಮೀಡಿಯೇಟ್‌ಗೆ 12ರಿಂದ 17, ಮೈಸೊರೆನ್ಸಿಸ್‌ಗೆ 9ರಿಂದ 15. ನಮ್ಮ ದೇಶದ ಪಟ್ಟಣಗಳಲ್ಲಿ ಮಲೇರಿಯಾ ಹರಡುವುದು ಟೈಪ್ ಫಾರ್ಮ್. ಮೈಸೊರೆನ್ಸಿಸ್ ಹಳ್ಳಿ ಕಡೆಯದು, ದನಗಳನ್ನೇ ಜಾಸ್ತಿ ಹುಡುಕಿಕೊಂಡು ಹೋಗುತ್ತದೆ. ಹಾಗಾಗಿ ಹೆಸರು ತಪ್ಪಿದರೆ ಸ್ಪ್ರೇ ಟೀಮ್ ದಾರಿಯೂ ತಪ್ಪುತ್ತದೆ.

ಮೊಟ್ಟೆಯ ಉದ್ದ ಅರ್ಧ ಮಿಲಿಮೀಟರ್. ಮೊದಲನೆಯದರಲ್ಲಿ 15 ಗೆರೆ. ಮುಂದಿನದು 14. ಮತ್ತೆ 15. ಫೋಕಸ್ ಒಂಚೂರು ಆಚೀಚೆ ಆದರೆ ತುದಿಯ ಗೆರೆ ಮಾಯ. ಇನ್ನು 15 ಅಂದರೆ ಮೂರರಲ್ಲಿ ಯಾವುದೂ ಆಗಬಹುದು! ಪೇಪರ್ ಒಣಗುತ್ತಿತ್ತು ಅಂತ ಒಂದು ಹನಿ ನೀರು ಬಿಟ್ಟೆ. ಎಲ್ಲಾ ಮೊಟ್ಟೆ ಅಂಚಿಗೆ ತೇಲಿ ಹೋದವು, ಯಾವುದು ಎಣಿಸಿದ್ದು ಯಾವುದು ಬಿಟ್ಟಿದ್ದು ಗೊತ್ತಾಗಲಿಲ್ಲ. ಮತ್ತೆ ಶುರು ಮಾಡಿದೆ. ಫೋನ್ ಬಡ್ಕೋತಾನೇ ಇತ್ತು. ಆಮೇಲೆ ಸಿಕ್ಕಿದ್ದು 11. ಅದರ ಪಕ್ಕದಲ್ಲೇ 19.

ಒಂದೇ ತಾಯಿ ಹೀಗೆ ಇಡೋಕೆ ಸಾಧ್ಯವೇ ಇಲ್ಲ. ಇನ್ಸೆಕ್ಟ್ ಕಲೆಕ್ಟರ್‌ನ ಕರೆದು ಕೇಳಿದೆ. "ಐದಾರು ಹೆಣ್ಣು ಸೊಳ್ಳೆ ಒಂದರಲ್ಲೇ ಒಟ್ಟಿಗೆ ಬಿಟ್ಟಿದ್ವಿ ಮೇಡಂ. ವೈಯಲ್ ಬಾಟಲಿ ಮುಗಿದು ಹೋಗಿತ್ತು." ಅವನದೇನೂ ತಪ್ಪಿಲ್ಲ. ವೈಯಲ್ ಬೇಕು ಅನ್ನೋ ಇಂಡೆಂಟ್ ಮಳೆಗಾಲಕ್ಕೂ ಮೊದಲೇ ಮೇಲಕ್ಕೆ ಹೋಗಿತ್ತು. ಒಂದೊಂದು ಹೆಣ್ಣಿನ ಮೊಟ್ಟೆ ಬೇರೆ ಬೇರೆ ಇಟ್ಟು, ಪ್ರತಿಯೊಂದರಲ್ಲೂ ಹತ್ತಾರು ಎಣಿಸಿದರೆ ಯಾವ ಸಂಖ್ಯೆ ಹೆಚ್ಚು ಬರುತ್ತೆ ಅಂತ ನೋಡಿ ಹೇಳಬಹುದಿತ್ತು. ಮೊಟ್ಟೆ ಬೆರೆತ ಮೇಲೆ ಸಾವಿರ ಎಣಿಸಿದರೂ ಅಷ್ಟೇ.

"ಸ್ಟೀಫೆನ್ಸಿ ಅಂತ ಮಾತ್ರ ಹಾಕಿ, ಫಾರ್ಮ್ ಕಾಲಂ ಬಿಡಿ" ಅಂದೆ. ಸಾಫ್ಟ್‌ವೇರ್ ಖಾಲಿ ಕಾಲಂ ತಗೊಳ್ಳಲ್ಲವಂತೆ. ಡ್ರಾಪ್‌ಡೌನ್‌ನಲ್ಲಿ ಮೊದಲಿಗೆ ಇದ್ದದ್ದು ಟೈಪ್ ಫಾರ್ಮ್, ಅದನ್ನೇ ಒತ್ತಿದರು. ಮರುವಾರ ಸ್ಪ್ರೇ ಟೀಮ್ ಆ ಕೊಟ್ಟಿಗೆಗೆ ಹೋಗಿ ಬಂತು.

ಈಗ ಹೆಣ್ಣಿಗೊಂದು ಡಬ್ಬಿ ಇಟ್ಟಿದ್ದೇವೆ. ಮೆಡಿಕಲ್ ಶಾಪ್‌ನ ಪ್ಲಾಸ್ಟಿಕ್ ಡಬ್ಬಿ, ನಮ್ಮ ದುಡ್ಡಲ್ಲೇ. ಡ್ರಾಪ್‌ಡೌನ್‌ಗೆ 'ಗೊತ್ತಾಗಿಲ್ಲ' ಅಂತ ಸೇರಿಸಿ ಅಂದರೆ, ಅದಕ್ಕೆ ಮೇಲಿನವರ ಅಪ್ರೂವಲ್ ಬೇಕಂತೆ.