ಇವತ್ತು ಯಾವ ವಾರ?

ತೊಡೆಯ ಎಲುಬು ಮುರಿದು ಶಸ್ತ್ರಚಿಕಿತ್ಸೆಯಾದ ಮೇಲೆ, ಬಳ್ಳಾರಿಯ ನಮ್ಮ ಮೊದಲ ಮಹಡಿಯ ಮನೆಯಿಂದ ಮೆಟ್ಟಿಲಿಳಿಯಲಾಗದೆ ಇಡೀ ಬೇಸಿಗೆಯನ್ನು ಒಳಗೇ ಕಳೆದವಳು ನಾನು. ಈಗ ಎದುರಾದವರೆಲ್ಲ ಕೇಳುವ ಪ್ರಶ್ನೆ ಒಂದೇ: "ಅಷ್ಟು ದಿನ ಒಬ್ಬರೇ ಇದ್ರಲ್ಲ, ಬ್ಯಾಸರ ಆಗಲಿಲ್ಲೇನ್ರೀ ಟೀಚರ್?" ಬೇಸರವೇನೋ ಆಯಿತು, ಆದರೆ ಅದು ಸಣ್ಣ ತೊಂದರೆ. ದೀರ್ಘಕಾಲ ಒಂಟಿಯಾಗಿರುವವರಲ್ಲಿ ಮೊದಲು ಸಡಿಲವಾಗುವುದು ಕಾಲದ ಲೆಕ್ಕ. ಅದರ ಬೆನ್ನಿಗೇ ನಿದ್ದೆ ಮತ್ತು ಹಸಿವು, ಕೊನೆಗೆ ಇತರರ ಮೇಲಿನ ನಂಬಿಕೆ. ಹಾಗಾಗಿ ಮನಸ್ಸನ್ನು ಕಾಯುವ ಕೆಲಸ ಗಡಿಯಾರದಿಂದ ಶುರುವಾಗಬೇಕು ಎಂಬುದು ನನ್ನ ಅಭಿಪ್ರಾಯ.

ನನ್ನ ಯಜಮಾನರದು ತೋರಣಗಲ್ಲಿನ ಕಡೆ ಶಿಫ್ಟ್ ಕೆಲಸ, ಮಕ್ಕಳಿಬ್ಬರೂ ಧಾರವಾಡದ ಹಾಸ್ಟೆಲಿನಲ್ಲಿ. ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿಯ ಬಿಸಿಲು 40 ಡಿಗ್ರಿ ದಾಟಿದಾಗ ಗಟ್ಟಿಮುಟ್ಟಾದವರೇ ಹನ್ನೊಂದರಿಂದ ಐದರವರೆಗೆ ಹೊರಗೆ ಕಾಲಿಡುವುದಿಲ್ಲ. ಇನ್ನು ರೋಗಿಯನ್ನು ನೋಡಲು ಯಾರು ಬಂದಾರು? ವರ್ಷಗಟ್ಟಲೆ ಶಾಲೆಯ ಗಂಟೆಗೆ ಹೊಂದಿಕೊಂಡು ಬದುಕಿದವಳಿಗೆ, ಗಂಟೆಯೇ ಇಲ್ಲದ ದಿನವನ್ನು ಎಲ್ಲಿ ಹಿಡಿದು ಎಲ್ಲಿ ಬಿಡಬೇಕೆಂದು ತಿಳಿಯಲಿಲ್ಲ. ಮಧ್ಯಾಹ್ನ ಮಲಗಿ, ರಾತ್ರಿ ಎರಡಕ್ಕೆ ಎಚ್ಚರವಾಗಿ, ಮೊಬೈಲ್ ನೋಡುತ್ತ ಬೆಳಗು ಮಾಡಿ, ಇವತ್ತು ಬುಧವಾರವೋ ಗುರುವಾರವೋ ಎಂದು ಕ್ಯಾಲೆಂಡರಿನ ಮುಂದೆ ತಡವರಿಸುವ ಸ್ಥಿತಿ ಬಹುಬೇಗನೆ ಬಂತು.

ಇದು ನನ್ನೊಬ್ಬಳ ದೌರ್ಬಲ್ಯವಲ್ಲವೆಂದು ತಿಳಿದದ್ದು ಮಿಶೆಲ್ ಸಿಫ್ರೆ ಎಂಬ ಫ್ರೆಂಚ್ ಭೂವಿಜ್ಞಾನಿಯ ಬಗ್ಗೆ ಓದಿದಾಗ. 1962ರ ಜುಲೈನಲ್ಲಿ ಆತ ಆಲ್ಪ್ಸ್ ಪರ್ವತದ ಒಂದು ಗುಹೆಯೊಳಗೆ ಗಡಿಯಾರವಿಲ್ಲದೆ, ಸೂರ್ಯನ ಬೆಳಕಿಲ್ಲದೆ, ಒಬ್ಬನೇ ಎರಡು ತಿಂಗಳು ಇದ್ದ. ಎದ್ದಾಗ, ಉಂಡಾಗ, ಮಲಗುವಾಗ ಮೇಲಿನವರಿಗೆ ಫೋನ್ ಮಾಡುತ್ತಿದ್ದ. ಅವರು ಮಾತ್ರ ಹೊತ್ತೆಷ್ಟೆಂದು ಹೇಳುವಂತಿರಲಿಲ್ಲ. ಸೆಪ್ಟೆಂಬರ್ 14ರಂದು ಅವಧಿ ಮುಗಿಯಿತೆಂದು ತಿಳಿಸಿದಾಗ ಅವನ ಲೆಕ್ಕದಲ್ಲಿ ಅದಿನ್ನೂ ಆಗಸ್ಟ್ 20. ಮನಸ್ಸು ಹೆಚ್ಚುಕಡಿಮೆ ಇಪ್ಪತ್ತೈದು ದಿನಗಳನ್ನೇ ನುಂಗಿಬಿಟ್ಟಿತ್ತು. ಬೆಟ್ಟದ ಹೊಟ್ಟೆಯೊಳಗೆ ಹಾಗಾಗುವುದು ಸಹಜ. ಕಿಟಕಿ ಮುಚ್ಚಿ, ಪರದೆ ಎಳೆದು, ಕೂಲರ್ ಹಾಕಿಕೊಂಡ ಬಳ್ಳಾರಿಯ ಕೋಣೆಯೊಳಗೂ ಅದರ ಸಣ್ಣ ರೂಪ ಸಾಧ್ಯವೆಂಬುದನ್ನು ನಾನು ಅನುಭವಿಸಿದ್ದೇನೆ.

ನಮ್ಮ ದೇಹದ ಒಳಗಡಿಯಾರ ಸಾಮಾನ್ಯವಾಗಿ 24 ಗಂಟೆಗಿಂತ ತುಸು ಉದ್ದದ ದಿನವನ್ನು ಎಣಿಸುತ್ತದೆ. ಪ್ರತಿದಿನ ಅದನ್ನು ಸರಿಪಡಿಸುವ ಮುಖ್ಯ ಸಂಕೇತವೆಂದರೆ ಕಣ್ಣಿಗೆ ಬೀಳುವ ಬೆಳಗಿನ ಬೆಳಕು. ನಮ್ಮೂರಿನಲ್ಲಿ ಬೇರೆ ಯಾವುದಕ್ಕೆ ಬರವಿದ್ದರೂ ಬೆಳಕಿಗಿಲ್ಲ. ರಾತ್ರಿ ನಿದ್ದೆ ಹೇಗೇ ಬಂದಿರಲಿ, ಆರೂವರೆಗೆ ವಾಕರ್ ಹಿಡಿದು ಬಾಲ್ಕನಿಯ ಕುರ್ಚಿಗೆ ಹೋಗಿ, ಬಿಸಿಲು ಚುರುಗುಟ್ಟುವವರೆಗೆ ಅಲ್ಲಿಯೇ ಕುಳಿತಿರುವುದು, ಮಧ್ಯಾಹ್ನದ ನಿದ್ದೆಯನ್ನು ಅರ್ಧ ಗಂಟೆಗೆ ನಿಲ್ಲಿಸುವುದು, ಇವೆರಡನ್ನು ಪಟ್ಟು ಹಿಡಿದು ಮಾಡಿದ ಮೇಲೆ ರಾತ್ರಿ ಮತ್ತೆ ರಾತ್ರಿಯಾಯಿತು. ಔಷಧವಿಲ್ಲದೆ ಇಷ್ಟು ಫಲ ಕೊಟ್ಟ ಇನ್ನೊಂದು ಉಪಾಯ ನನಗೆ ಸಿಗಲಿಲ್ಲ.

ಆದರೆ ತಾನೇ ಬರೆದುಕೊಂಡ ವೇಳಾಪಟ್ಟಿ ಬಹುಕಾಲ ಉಳಿಯುವುದಿಲ್ಲ. ಅದನ್ನು ಮುರಿದರೆ ಕೇಳುವವರು ಯಾರೂ ಇರುವುದಿಲ್ಲವಲ್ಲ! ನಮ್ಮ ಹೊತ್ತು ಇನ್ನೊಬ್ಬರ ಹೊತ್ತಿಗೆ ಗಂಟುಬಿದ್ದಾಗ ಮಾತ್ರ ಅದಕ್ಕೆ ಬಲ ಬರುತ್ತದೆ. ಕೆಳಗಿನ ಮನೆಯ ಅಕ್ಕ ಜೀನ್ಸ್ ಪ್ಯಾಂಟುಗಳ ದಾರ ಕತ್ತರಿಸುವ ಕೆಲಸವನ್ನು ಮನೆಗೆ ತಂದು ಮಾಡುವವರು. ಬಳ್ಳಾರಿಯಲ್ಲಿ ಹೊಲಿಗೆಯಾದ ಪ್ಯಾಂಟುಗಳ ಮೂಟೆಗಳು ಇಂಥ ಎಷ್ಟೋ ಮನೆಗಳನ್ನು ಹಾದು ಹೋಗುತ್ತವೆ. ಹೊಲಿಗೆಯ ತುದಿಗಳಲ್ಲಿ ಉಳಿದ ದಾರಗಳನ್ನು ಪುಟ್ಟ ಕತ್ತರಿಯಿಂದ ತೆಗೆದು, ಮಡಚಿ, ಎಣಿಸಿ ಹಿಂತಿರುಗಿಸಬೇಕು. ಒಂದು ದಿನ ರೊಟ್ಟಿ ಕೊಡಲು ಮೇಲೆ ಬಂದವರು, "ಟೀಚರಮ್ಮ, ಸುಮ್ಮನೆ ಕೂತಿರ್ತೀರಲ್ಲ, ನನ್ನ ಜೊತಿ ಒಂದಿಷ್ಟು ದಾರ ಕಟ್ ಮಾಡ್ತೀರೇನು?" ಎಂದು ಸಂಕೋಚವಿಲ್ಲದೆ ಕೇಳಿದರು. ಅಲ್ಲಿಯವರೆಗೆ ಬಂದವರೆಲ್ಲರೂ ನನಗೆ ಏನಾದರೂ ಕೊಡಲು ಬಂದವರೇ: ಹಣ್ಣು, ಸಲಹೆ, ಕನಿಕರ. ನನ್ನಿಂದ ಏನಾದರೂ ಆಗಬೇಕೆಂದು ಬಂದವರು ಅವರೊಬ್ಬರೇ. ಮರುದಿನದಿಂದ ಹತ್ತು ಗಂಟೆಗೆ ಮೂಟೆಯೊಂದಿಗೆ ಮೇಲೆ ಬರುತ್ತಿದ್ದರು. ಅವರು ಬರುವಷ್ಟರಲ್ಲಿ ನಾನು ಸ್ನಾನ ಮುಗಿಸಿ, ತಲೆ ಬಾಚಿಕೊಂಡು ಕುಳಿತಿರಬೇಕಾಗುತ್ತಿತ್ತು. ಹೆಚ್ಚು ಮಾತು ನಡೆಯುತ್ತಿತ್ತೆಂದಲ್ಲ. ಎದುರಿನ ರಾಶಿ ಕರಗುವುದು ಕಣ್ಣಿಗೆ ಕಾಣುತ್ತಿತ್ತು, ಮುಗಿದದ್ದಕ್ಕೆ ಲೆಕ್ಕವಿತ್ತು, ನಾಳೆ ಮತ್ತೊಂದು ಮೂಟೆಯಿತ್ತು. ಮನಸ್ಸು ಸರಿಯಾದ ಮೇಲೆ ಕೆಲಸ ಮಾಡೋಣವೆಂದು ಕಾಯದೆ, ಕೆಲಸಕ್ಕೆ ಕೈಹಾಕಿ ಮನಸ್ಸನ್ನು ಹಿಂದೆ ಬರಮಾಡುವ ಈ ಕ್ರಮವನ್ನು ಖಿನ್ನತೆಯ ಚಿಕಿತ್ಸೆಯಲ್ಲಿ ಮನಶ್ಶಾಸ್ತ್ರಜ್ಞರೂ ಬಳಸುತ್ತಾರೆಂದು ಆಮೇಲೆ ಓದಿದೆ. ಅಕ್ಕನಿಗೆ ಅದನ್ನು ಓದುವ ಅಗತ್ಯವೇ ಬಿದ್ದಿರಲಿಲ್ಲ.

ಫೋನಿನ ವಿಷಯ ಬೇರೆ. ಒಂಟಿತನವನ್ನು ದೀರ್ಘಕಾಲ ಅಧ್ಯಯನ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಕಾಸಿಯೊಪ್ಪೊ ಅವರ ಪ್ರಕಾರ, ಒಂಟಿತನ ಅನುಭವಿಸುತ್ತಿರುವ ಮನಸ್ಸು ಇತರರ ನಡೆಯಲ್ಲಿ ತಿರಸ್ಕಾರದ ಸುಳಿವನ್ನೇ ಹುಡುಕತೊಡಗುತ್ತದೆ. ನೀಲಿ ಗುರುತು ಬಿದ್ದೂ ಉತ್ತರ ಬಾರದ ಒಂದು ವಾಟ್ಸಾಪ್ ಸಂದೇಶದ ಸುತ್ತ ನಾನು ಇಡೀ ಸಂಜೆ ಸಹೋದ್ಯೋಗಿಯೊಬ್ಬರ ಮೇಲೆ ಕಟ್ಟಿದ ಮೊಕದ್ದಮೆಯನ್ನು ನೆನೆದರೆ ಈಗ ನಗು ಬರುತ್ತದೆ. ಪಾಪ, ಅವರು ಮದುವೆಮನೆಯಲ್ಲಿದ್ದರು. ಅನುಮಾನ ಬಂದಾಗ ಅದನ್ನು ಮರುದಿನ ಬೆಳಗಿನವರೆಗೆ ಮುಂದೂಡುವುದು ಒಳ್ಳೆಯದು. ಇನ್ನು, ಇಂಥವರಿಗೆ ಫೋನ್ ಮಾಡುವವರಲ್ಲಿ ನನ್ನದೊಂದು ವಿನಂತಿ: "ಹೇಗಿದ್ದೀರಿ?" ಎಂದು ದಿನವೂ ಕೇಳಬೇಡಿ, ಅದಕ್ಕೆ ದಿನವೂ ಹೊಸ ಉತ್ತರ ಇರುವುದಿಲ್ಲ. ಸಿರುಗುಪ್ಪದ ನನ್ನ ತಂಗಿ ರಾತ್ರಿ ಎಂಟಕ್ಕೆ ಫೋನ್ ಮಾಡಿ ಮಗನ ಗಣಿತದ ಲೆಕ್ಕಗಳನ್ನು ನನ್ನ ಮುಂದಿಡುತ್ತಿದ್ದಳು, ಅಷ್ಟೇ.

ಅಂಟಾರ್ಕ್ಟಿಕಾದಲ್ಲಿ ಚಳಿಗಾಲ ಕಳೆಯುವ ವಿಜ್ಞಾನಿಗಳ ವಿಷಯದಲ್ಲಿ 1991ರಲ್ಲಿ ಸಂಶೋಧಕರು ಒಂದು ವಿಚಾರವನ್ನು ಮುಂದಿಟ್ಟರು: ಇಂಥ ವಾಸದಲ್ಲಿ ಮನಸ್ಸು ಹೆಚ್ಚು ಕುಸಿಯುವುದು ಅರ್ಧ ಅವಧಿ ದಾಟಿದ ನಂತರವಂತೆ. ಎಲ್ಲ ಅಧ್ಯಯನಗಳಲ್ಲೂ ಇದು ಕಂಡುಬಂದಿಲ್ಲ, ನನ್ನ ಮಟ್ಟಿಗೆ ಮಾತ್ರ ನಿಜವಾಯಿತು. ಅರ್ಧ ಮುಗಿಯಿತೆಂದು ವೈದ್ಯರು ಹೇಳಿದ ದಿನ ಎಲ್ಲರೂ ಸಂತೋಷಪಟ್ಟರು. ನನಗೆ ಕಂಡದ್ದು ಇನ್ನೂ ಅಷ್ಟೇ ಉಳಿದಿದೆ ಎಂಬುದು. ಆಗ ಏನಾದರೂ ಹೊಸದನ್ನು ಮುಂಚಿತವಾಗಿ ಎತ್ತಿಟ್ಟುಕೊಂಡಿರಬೇಕು.

ಹೊರಗಿನ ಸಂಪರ್ಕ ಕಡಿದುಹೋಗುವ ಮಾತು ಬಂದಾಗ ನೆನಪಾಗುವುದು ರಾಯಚೂರಿನ ಕುರ್ವಕುಲಾ, ಕುರ್ವಕುರ್ದಾದಂಥ ಕೃಷ್ಣೆಯ ನಡುಗಡ್ಡೆಗಳು. ನಾರಾಯಣಪುರದ ಬಸವಸಾಗರದಿಂದ ಹೆಚ್ಚು ನೀರು ಬಿಟ್ಟಾಗ ಅಲ್ಲಿಯವರ ಹೊರದಾರಿ ಕಡಿದುಹೋಗುತ್ತದೆ. ಅವರ ಕಷ್ಟವನ್ನು ನಾನು ಸುಂದರಗೊಳಿಸಲಾರೆ. ಆದರೆ ಅಲ್ಲಿ ಸಿಕ್ಕಿಬೀಳುವುದು ಒಂದು ಊರು, ನಮ್ಮ ಓಣಿಗಳಲ್ಲಿ ಒಬ್ಬೊಬ್ಬರೇ ಸಿಕ್ಕಿಬೀಳುತ್ತೇವೆ, ಅದೂ ಪಕ್ಕದ ಮನೆಗೆ ತಿಳಿಯದಂತೆ.

ಇಷ್ಟೆಲ್ಲ ಮಾಡಿದರೂ ಎರಡು ವಾರಗಳ ಕಾಲ ಯಾವುದರಲ್ಲೂ ಆಸಕ್ತಿಯಿಲ್ಲದೆ, ನಿದ್ದೆ-ಊಟ ಕೆಟ್ಟು, ಮನಸ್ಸು ಏಳದಿದ್ದರೆ ಉಪಾಯಗಳನ್ನು ಬದಿಗಿಟ್ಟು ವೈದ್ಯರನ್ನು ಕಾಣಬೇಕು; ಸಾಯುವ ಯೋಚನೆ ಬಂದರೆ ಎರಡು ವಾರ ಕಾಯುವಂತೆಯೂ ಇಲ್ಲ, ಅಂದೇ ಯಾರಿಗಾದರೂ ಹೇಳಬೇಕು. ನಮ್ಮ ಕಡೆ "ಧಾರವಾಡಕ್ಕೆ ಕಳಿಸಬೇಕು ನೋಡು" ಎಂದು ಅಲ್ಲಿನ ಮಾನಸಿಕ ಆಸ್ಪತ್ರೆಯ ಹೆಸರಲ್ಲಿ ಮಾಡುವ ತಮಾಷೆ ಇನ್ನೂ ಸತ್ತಿಲ್ಲ. ಆ ತಮಾಷೆ ಮಾಡುವವರಿಗೆ ತಮ್ಮದೇ ಜಿಲ್ಲೆಯ ಚರಿತ್ರೆ ತಿಳಿದಿದ್ದರೆ ಚೆನ್ನಾಗಿತ್ತು. 1985ರಿಂದ 1990ರವರೆಗೆ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯಲ್ಲಿಯೇ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮಾನಸಿಕ ಕಾಯಿಲೆಗೆ ಊರ ಹತ್ತಿರವೇ ಚಿಕಿತ್ಸೆ ಸಾಧ್ಯವೆಂದು ತೋರಿಸಿತು. ಆ ಬಳ್ಳಾರಿ ಮಾದರಿಯನ್ನು ಆಧರಿಸಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಮೆಟ್ಟಿಲಿಳಿಯಲಾಗದವರಿಗೆ 2022ರ ಅಕ್ಟೋಬರಿನಿಂದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ: 14416ಕ್ಕೆ ಕರೆ ಮಾಡಿದರೆ ದಿನದ ಯಾವ ಹೊತ್ತಿನಲ್ಲಾದರೂ, ಹಣವಿಲ್ಲದೆ, ಕನ್ನಡದಲ್ಲೇ ಮಾತನಾಡಬಹುದು. ಈ ಸಂಖ್ಯೆಯನ್ನು ನಾನು ಫ್ರಿಜ್ಜಿನ ಮೇಲೆ, ಗ್ಯಾಸ್ ಬುಕಿಂಗ್ ನಂಬರಿನ ಕೆಳಗೆ ಬರೆದು ಅಂಟಿಸಿದ್ದೇನೆ. ಮನೆಗೆ ಬಂದವರು ಅದೇನೆಂದು ಕೇಳುತ್ತಾರೆ, ಹೇಳುತ್ತೇನೆ, ಕೆಲವರು ತಮ್ಮ ಫೋನಿನಲ್ಲಿ ಬರೆದುಕೊಂಡು ಹೋಗುತ್ತಾರೆ.